ಬಾಗಿಲು ಹಾಕಿತ್ತು, ಒಳಗಿದ್ದವರು ಇಬ್ಬರೇ. ಹಾಗಾದ್ರೆ ಆ ಮಾತು ಕೇಳಿಸಿಕೊಂಡಿದ್ದು ಯಾರು? (ನಾಯಕರ ಜೀವನಚರಿತ್ರೆ ಓದುವವರಿಗೆ ಒಂದು ಪ್ರಶ್ನೆ)

ಮಡಿಸಿದ ಪುಟ:

ಅಪ್ಪನಿಗೆ ಈಗ ಸಣ್ಣ ಅಕ್ಷರ ಕಾಣಿಸುವುದಿಲ್ಲ. ಅದಕ್ಕೇ ರಾತ್ರಿ ಮಲಗುವ ಮುಂಚೆ ಒಂದರ್ಧ ಗಂಟೆ ನಾನೇ ಓದಿ ಹೇಳುತ್ತೇನೆ. ಅವರಿಗೆ ಕಾದಂಬರಿ ಬೇಡ. ಇತಿಹಾಸ ಬೇಕು, ಅದರಲ್ಲೂ ರಾಜಕೀಯದವರ ಜೀವನಚರಿತ್ರೆ ಅಂದರೆ ಪ್ರಾಣ.

ಹೋದ ತಿಂಗಳು ಒಬ್ಬ ದೊಡ್ಡ ನಾಯಕರ ಬಗ್ಗೆ ದಪ್ಪ ಪುಸ್ತಕ ಹಿಡಿದಿದ್ದೆವು. ಹೆಸರು ಬೇಡ ಬಿಡಿ, ನನ್ನ ಪ್ರಶ್ನೆ ಆ ಒಂದು ಪುಸ್ತಕದ್ದಲ್ಲ. ಬರವಣಿಗೆ ನಿಜಕ್ಕೂ ಚೆನ್ನಾಗಿದೆ. ಒಂದು ಅಧ್ಯಾಯದಲ್ಲಿ ಆ ನಾಯಕರು ತಮ್ಮ ಹಳೆಯ ಗೆಳೆಯನನ್ನು ಕರೆಸಿ, ಬಾಗಿಲು ಹಾಕಿಕೊಂಡು, ರಾಜೀನಾಮೆ ಕೊಡು ಅಂತ ಹೇಳುವ ಸನ್ನಿವೇಶ ಬರುತ್ತದೆ. ಎರಡೂವರೆ ಪುಟ. ಯಾರು ಏನಂದರು, ಯಾರ ಕೈ ನಡುಗಿತು, ಮಾತು ಮುಗಿದ ಮೇಲೆ ಕಿಟಕಿ ಕಡೆ ತಿರುಗಿ ನಿಂತವರು ಯಾರು, ಎಲ್ಲ ಇದೆ. ಓದುತ್ತಾ ಓದುತ್ತಾ ನನ್ನ ಗಂಟಲು ಕಟ್ಟಿತು. ತಲೆ ಎತ್ತಿ ನೋಡಿದೆ. ಅಪ್ಪ ಹುಬ್ಬು ಗಂಟಿಕ್ಕಿ ಕೂತಿದ್ದರು.

"ಬಾಗಿಲು ಹಾಕಿತ್ತು ಅಂದ್ಯಲ್ಲ. ಇಬ್ಬರೂ ಸಾಯೋವರೆಗೂ ಇದರ ಬಗ್ಗೆ ಬಾಯಿ ಬಿಡಲಿಲ್ಲ ಅಂತಾನೂ ನೀನೇ ಓದಿದೆ. ಹಾಗಾದ್ರೆ ಕಿಟಕಿ ಕಡೆ ತಿರುಗಿದ್ದನ್ನ ನೋಡಿದ್ದು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕದ ಕೊನೆಗೆ ಹೋದೆ. ಓದಿದ ಪುಸ್ತಕಗಳ ಪಟ್ಟಿ ಇದೆ, 11 ಪುಟ. ಆದರೆ ಯಾವ ಮಾತು ಯಾವುದರಿಂದ ಬಂತು ಅಂತ ಎಲ್ಲೂ ಇಲ್ಲ. ಇಂಥ ಪುಸ್ತಕಗಳನ್ನು ನಾನು ಸುಮಾರು 15 ವರ್ಷದಿಂದ ಓದುತ್ತಿದ್ದೇನೆ, ಬೇರೆಯವರ ಜೊತೆ ಮಾತಾಡುವಾಗ ಅದರಲ್ಲಿನ ಸನ್ನಿವೇಶಗಳನ್ನು ಕಣ್ಣಾರೆ ಕಂಡವನ ಥರ ಹೇಳಿದ್ದೇನೆ, ಒಂದು ಸಲವೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಅವತ್ತಿನಿಂದ ಆ ಪುಸ್ತಕ ಅರ್ಧಕ್ಕೇ ನಿಂತಿದೆ.

ನೀವೆಲ್ಲ ಹೇಗೆ ಓದುತ್ತೀರಿ? ನಂಬಬಹುದಾದ ಪುಸ್ತಕ ಅಂತ ಹೇಗೆ ಗೊತ್ತು ಮಾಡಿಕೊಳ್ಳುತ್ತೀರಿ?

ಕೊನೆಯಿಂದ ಓದುವವಳು:

ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಆ ಪ್ರಶ್ನೆ ಕೇಳುವುದನ್ನು ಕಲಿಯಲು ನನಗೂ ತುಂಬಾ ವರ್ಷ ಹಿಡಿಯಿತು.

ನಾನೀಗ ಪುಸ್ತಕವನ್ನು ಹಿಂದಿನಿಂದ ಶುರು ಮಾಡುತ್ತೇನೆ. ಮಧ್ಯದಲ್ಲೆಲ್ಲೋ ಮೈ ಜುಮ್ ಅನ್ನಿಸುವ ಒಂದು ಮಾತುಕತೆ ಹುಡುಕಿ, ಆ ಪುಟದ ಟಿಪ್ಪಣಿ ತೆಗೆಯುತ್ತೇನೆ. ಅದು ಪತ್ರವಾ, ಡೈರಿಯಾ, ಸಂದರ್ಶನವಾ, ಇನ್ನೊಬ್ಬರ ಪುಸ್ತಕವಾ? ಡೈರಿ ಆದರೆ ಅದೇ ರಾತ್ರಿ ಬರೆದದ್ದಾ ಅಥವಾ 40 ವರ್ಷ ಆದಮೇಲೆ ನೆನೆಸಿಕೊಂಡದ್ದಾ? ಇನ್ನೊಬ್ಬರ ಪುಸ್ತಕ ಆದರೆ ಅವರಿಗೆ ಹೇಳಿದ್ದು ಯಾರು? ಹೀಗೆ ಮೂರು ನಾಲ್ಕು ಕಡೆ ನೋಡಿದರೆ ಸಾಕು, ಬರೆದವರ ಕೈಗುಣ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ಈ ವಿಷಯದಲ್ಲಿ ಗುರು ಅಂದರೆ ರಾಬರ್ಟ್ ಕ್ಯಾರೊ. ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಬಗ್ಗೆ ಬರೆಯುತ್ತಿರುವವರು. ಮೊದಲ ಸಂಪುಟ 'ದಿ ಪಾತ್ ಟು ಪವರ್' ಬಂದದ್ದು 1982ರಲ್ಲಿ, ನಾಲ್ಕನೆಯದು 2012ರಲ್ಲಿ, ಐದನೆಯದಕ್ಕೆ ಕಾಯುತ್ತಾ ಕೂತವರಲ್ಲಿ ನಾನೂ ಒಬ್ಬಳು. ಪತ್ರಕರ್ತರಾಗಿದ್ದ ಕಾಲದಲ್ಲಿ ಅವರ ಸಂಪಾದಕರು ಹೇಳಿಕೊಟ್ಟ ಒಂದೇ ಪಾಠ: ಪ್ರತಿ ಹಾಳೆಯನ್ನೂ ತಿರುವಿ ನೋಡು.

ಅವರದೇ ಒಂದು ಅನುಭವ ಇದೆ. ಜಾನ್ಸನ್‌ಗೆ ಸ್ಯಾಮ್ ಹ್ಯೂಸ್ಟನ್ ಅಂತ ಒಬ್ಬ ತಮ್ಮ. ಕುಡಿತ ಜಾಸ್ತಿ, ಬಡಾಯಿಯೂ ಜಾಸ್ತಿ. ಅಣ್ಣನ ಬಾಲ್ಯದ ಬಗ್ಗೆ ಸೊಗಸಾದ ಕಥೆಗಳನ್ನು ಹೇಳುತ್ತಿದ್ದ. ಕ್ಯಾರೊ ಪರೀಕ್ಷೆ ಮಾಡಿ ನೋಡಿದರೆ ಹೆಚ್ಚಿನವು ನಿಲ್ಲಲಿಲ್ಲ, ಹಾಗಾಗಿ ಅವನನ್ನು ಬಿಟ್ಟೇಬಿಟ್ಟಿದ್ದರು. ಕೆಲವು ಕಾಲದ ಮೇಲೆ ಅವನು ಕಾಯಿಲೆಯಿಂದ ಎದ್ದು, ಕುಡಿತ ಬಿಟ್ಟು, ಬೇರೆ ಮನುಷ್ಯನೇ ಆಗಿದ್ದ. ಆಗ ಕ್ಯಾರೊ ಅವನನ್ನು ಜಾನ್ಸನ್ ಬೆಳೆದ ಮನೆಗೆ ಕರೆದುಕೊಂಡು ಹೋದರು. ಆ ಮನೆ ಆಗಲೇ ಮ್ಯೂಸಿಯಂ. ನೋಡಲು ಬಂದವರೆಲ್ಲ ಹೊರಟುಹೋದ ಮೇಲೆ, ಊಟದ ಮೇಜಿನಲ್ಲಿ ಚಿಕ್ಕವನಿದ್ದಾಗ ಎಲ್ಲಿ ಕೂರುತ್ತಿದ್ದನೋ ಅಲ್ಲೇ ಕೂರಿಸಿದರು. ತಾವು ಎದುರಿಗೆ ಕೂರಲಿಲ್ಲ. ಅವನ ಕಣ್ಣಿಗೆ ಬೀಳದ ಹಾಗೆ ಹಿಂದೆ ಕೂತು, ಅಪ್ಪನಿಗೂ ಲಿಂಡನ್‌ಗೂ ಆಗುತ್ತಿದ್ದ ಜಗಳ ಹೇಗಿರುತ್ತಿತ್ತು ಅಂತ ಕೇಳಿದರು. ಮೊದಮೊದಲು ತಡೆದು ತಡೆದು ಮಾತಾಡಿದವನು ಬರುಬರುತ್ತಾ ಅಪ್ಪನ ಮಾತನ್ನೂ ಅಣ್ಣನ ಮಾತನ್ನೂ ತಾನೇ ಕೂಗಿ ಹೇಳತೊಡಗಿದ.

ಎಲ್ಲ ಮುಗಿದ ಮೇಲೆ ಕ್ಯಾರೊ ಕೇಳಿದ್ದು ಇಷ್ಟೇ. ಹಿಂದೆ ನೀನು ಹೇಳಿದ್ದ ಆ ಚಂದದ ಕಥೆಗಳಿವೆಯಲ್ಲ, ಅವನ್ನು ಇನ್ನೊಂದು ಸಲ ಸ್ವಲ್ಪ ವಿವರವಾಗಿ ಹೇಳು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ, ಆಗಲ್ಲ ಅಂದ. ಯಾಕೆ? ಯಾಕೆಂದರೆ ಅವು ನಡೆದೇ ಇಲ್ಲ.

ಅದೇ ಕಥೆಗಳು ಅಷ್ಟರಲ್ಲಿ ಬೇರೆ ಪುಸ್ತಕಗಳಲ್ಲಿ ಅಚ್ಚಾಗಿ ಹೋಗಿದ್ದವು! ಇದನ್ನು ಓದಿದ ದಿನದಿಂದ, ಯಾವ ಪುಸ್ತಕದಲ್ಲಿ ಮುದ್ದಾದ ಬಾಲ್ಯದ ಕಥೆ ಸಿಕ್ಕರೂ ನಾನು ಒಂದು ಕ್ಷಣ ನಿಲ್ಲುತ್ತೇನೆ.

ಗಡಿಯಾರ ನೋಡದವನು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನಗೆ ಇತಿಹಾಸದ ರುಚಿ ಹತ್ತಿದ್ದೇ ಇಂಥ ಕಥೆ ಹೇಳುವ ಪುಸ್ತಕಗಳಿಂದ. ಶಾಲೆಯಲ್ಲಿ ಇತಿಹಾಸ ಅಂದರೆ ಇಸವಿ, ಒಪ್ಪಂದ, ಮತ್ತೆ ಇಸವಿ. ಪಂಡಿತರು ಬರೆದ ಪುಸ್ತಕ ಹಿಡಿದರೆ ಎರಡನೇ ಪುಟಕ್ಕೆ ನಿದ್ದೆ. ಟಿಪ್ಪಣಿ ಇಲ್ಲ ಅಂತ ಪುಸ್ತಕವನ್ನೇ ಪಕ್ಕಕ್ಕೆ ಇಟ್ಟರೆ ನನ್ನಂಥವರು ಏನನ್ನೂ ಓದದೆ ಉಳಿಯುತ್ತೇವೆ, ಅಷ್ಟೇ. ಕೈ ನಡುಗಿತೋ ಇಲ್ಲವೋ, ರಾಜೀನಾಮೆ ಕೇಳಿದ್ದು ನಿಜ, ಕೊಟ್ಟಿದ್ದು ನಿಜ. ಮಿಕ್ಕಿದ್ದನ್ನು ಬರೆಯುವವರಿಗೆ ಬಿಟ್ಟರೆ ಏನಾಯ್ತು?

ಬಾರ್ಬರಾ ಟಕ್‌ಮನ್ ಅವರ 'ದಿ ಗನ್ಸ್ ಆಫ್ ಆಗಸ್ಟ್' ನೋಡಿ. 1962ರ ಪುಸ್ತಕ, ಮೊದಲ ಮಹಾಯುದ್ಧ ಹೇಗೆ ಶುರುವಾಯಿತು ಅನ್ನುವುದರ ಬಗ್ಗೆ. ಆಕೆಗೆ ಇತಿಹಾಸದಲ್ಲಿ ಡಾಕ್ಟರೇಟ್ ಇರಲಿಲ್ಲ, ಪಾಠ ಹೇಳುವ ಪ್ರೊಫೆಸರ್ ಕೂಡ ಅಲ್ಲ. 1910ರಲ್ಲಿ ಇಂಗ್ಲೆಂಡಿನ ದೊರೆ ಏಳನೇ ಎಡ್ವರ್ಡ್‌ನ ಶವಯಾತ್ರೆಯಲ್ಲಿ 9 ಜನ ರಾಜರು ಕುದುರೆ ಏರಿ ಹೋಗುವುದರಿಂದ ಪುಸ್ತಕ ಶುರುವಾಗುತ್ತದೆ, ಆಮೇಲೆ ಕೆಳಗಿಡಲು ಮನಸ್ಸೇ ಬರುವುದಿಲ್ಲ. ಅಧ್ಯಕ್ಷ ಕೆನಡಿ ಇದನ್ನು ಓದಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಬಂದು ಅಮೆರಿಕ, ಸೋವಿಯತ್ ರಷ್ಯಾ ಅಣುಯುದ್ಧದ ಅಂಚಿಗೆ ಹೋದಾಗ, ನಾಳೆ ಯಾರೋ 'ಅಕ್ಟೋಬರ್ ಕ್ಷಿಪಣಿಗಳು' ಅಂತ ಇಂಥದೇ ಪುಸ್ತಕ ಬರೆಯುವ ಹಾಗೆ ಆಗಬಾರದು ಅಂತ ತಮ್ಮ ರಾಬರ್ಟ್‌ಗೆ ಹೇಳಿದ್ದರು. ಜನಪ್ರಿಯ ಇತಿಹಾಸ ಅಂದರೆ ಸುಮ್ನೆ ಹೊತ್ತು ಕಳೆಯುವುದಲ್ಲ ಅನ್ನಲು ಇದಕ್ಕಿಂತ ಬೇರೆ ಏನು ಬೇಕು?

ಕೊನೆಯಿಂದ ಓದುವವಳು:

ಟಕ್‌ಮನ್ ಹೆಸರು ಎತ್ತಿದ್ದು ಒಳ್ಳೆಯದಾಯ್ತು, ಯಾಕೆಂದರೆ ಆಕೆ ನನ್ನ ಕಡೆ ಸಾಕ್ಷಿ.

ಅದೇ ಪುಸ್ತಕದಲ್ಲಿ ಬ್ರಿಟಿಷ್ ಸೈನ್ಯ ಫ್ರಾನ್ಸ್‌ಗೆ ಬಂದು ಇಳಿಯುವಾಗ ದೂರದಲ್ಲಿ ಗುಡುಗು, ಆಮೇಲೆ ರಕ್ತದಂಥ ಕೆಂಪು ಸೂರ್ಯಾಸ್ತ ಬರುತ್ತದೆ ನೋಡಿ. ಓದಿದರೆ ಕಥೆಗೆ ಬೇಕು ಅಂತ ಸೇರಿಸಿದ್ದು ಅನ್ನಿಸುತ್ತದೆ. ಅಲ್ಲ. ಅವತ್ತು ಅಲ್ಲಿದ್ದ ಒಬ್ಬ ಬ್ರಿಟಿಷ್ ಅಧಿಕಾರಿಯ ನೆನಪಿನ ಪುಸ್ತಕದಲ್ಲಿ ಆ ಗುಡುಗು, ಆ ಸೂರ್ಯಾಸ್ತ ಎರಡೂ ಸಿಕ್ಕಿದ್ದವು, ಹಾಗಾಗಿ ಬರೆದೆ ಅಂತ ಟಕ್‌ಮನ್ ಮುಂದೆ ಒಂದು ಕಡೆ ಹೇಳಿದ್ದಾರೆ. ಅಂದರೆ ನಿಮ್ಮನ್ನು ಹಿಡಿದು ಕೂರಿಸಿದ ಆ ಮಳೆ, ಗಾಳಿ, ಬಣ್ಣ ಎಲ್ಲವನ್ನೂ ಆಕೆ ಹುಡುಕಿ ತಂದದ್ದು. ಕಥೆ ಚೆನ್ನಾಗಿರಬೇಕು ಅಂದರೆ ಕಟ್ಟಲೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹುಡುಕುವ ತಾಳ್ಮೆ ಇಲ್ಲದವರು ಕಟ್ಟುತ್ತಾರೆ. ಇಷ್ಟು ಖಾರವಾಗಿ ಹೇಳಿದ್ದಕ್ಕೆ ಕ್ಷಮಿಸಿ, ಆದರೆ ನನಗೆ ಈ ವಿಷಯದಲ್ಲಿ ನಿಜವಾಗಲೂ ಸಂಕಟ ಆಗುತ್ತದೆ.

ಗಡಿಯಾರ ನೋಡದವನು:

ಗುಡುಗಿನ ವಿಷಯ ಗೊತ್ತಿರಲಿಲ್ಲ. ಆ ಪುಟ ಮತ್ತೆ ತೆಗೆದು ನೋಡಿದೆ. ಈಗ ಓದಿದರೆ ಇನ್ನೂ ಹಿಡಿಸಿತು, ಸುಳ್ಳು ಹೇಳುವುದಿಲ್ಲ.

ಹಳೇ ಕಪ್ಪುಹಲಗೆ:

ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಕಟ್ಟಿ ಬರೆಯುವ ಚಾಳಿ ಇವತ್ತಿನದಲ್ಲ ಅನ್ನುವುದನ್ನು ಸೇರಿಸಬೇಕು ಅನ್ನಿಸಿತು.

ಥುಸಿಡಿಡೀಸ್ ಗ್ರೀಸ್‌ನಲ್ಲಿ ಕ್ರಿ.ಪೂ. 5ನೇ ಶತಮಾನದಲ್ಲಿ ನಡೆದ ಯುದ್ಧದ ಬಗ್ಗೆ ಬರೆದ. ಅದರಲ್ಲಿ ನಾಯಕರ ಉದ್ದುದ್ದ ಭಾಷಣಗಳಿವೆ. ಆದರೆ ಶುರುವಿನಲ್ಲೇ ಅವನು ಓದುಗರಿಗೆ ಹೇಳಿಬಿಡುತ್ತಾನೆ: ಆಡಿದ ಮಾತನ್ನೆಲ್ಲ ಇದ್ದದ್ದು ಇದ್ದ ಹಾಗೆ ನೆನಪಿಟ್ಟುಕೊಳ್ಳುವುದು ಕಷ್ಟ, ಒಟ್ಟು ಭಾವ ಬಿಡದೆ, ಆ ಸಂದರ್ಭಕ್ಕೆ ತಕ್ಕ ಹಾಗೆ ನಾನು ಬರೆದಿದ್ದೇನೆ ಅಂತ. ನಾನು ಮಕ್ಕಳಿಗೆ ಈ ಸಾಲನ್ನು ತಪ್ಪದೆ ಓದಿ ಹೇಳುತ್ತಿದ್ದೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಬ್ಬ ಬರಹಗಾರನಿಗೆ ಓದುಗರ ಮೇಲೆ ಅಷ್ಟು ಗೌರವ ಇತ್ತು ಅಲ್ವಾ?

ಇನ್ನೊಂದು ತುದಿಗೆ ಪಾರ್ಸನ್ ವೀಮ್ಸ್. ಜಾರ್ಜ್ ವಾಷಿಂಗ್ಟನ್ ಚಿಕ್ಕವನಿದ್ದಾಗ ಚೆರ್ರಿ ಮರ ಕಡಿದು, ಅಪ್ಪ ಕೇಳಿದಾಗ ಸುಳ್ಳು ಹೇಳಲಾರೆ ಅಂದ ಕಥೆ ನಮಗೆಲ್ಲ ಗೊತ್ತು. ವಾಷಿಂಗ್ಟನ್ ತೀರಿಕೊಂಡದ್ದು 1799ರಲ್ಲಿ. ವೀಮ್ಸ್ 1800ರಲ್ಲೇ ಜೀವನಚರಿತ್ರೆ ಹೊರಡಿಸಿದ. ಅದರಲ್ಲಿ ಮರದ ಕಥೆ ಇರಲಿಲ್ಲ. ಅದು ಸೇರಿದ್ದು 1806ರ ಮುದ್ರಣದಲ್ಲಿ. ಹೇಳಿದ್ದು ಯಾರು ಅಂದರೆ ಹೆಸರಿಲ್ಲದ ಒಬ್ಬ ಮುದುಕಿ. ಸುಳ್ಳು ಹೇಳಬಾರದು ಅಂತ ಮಕ್ಕಳಿಗೆ ಕಲಿಸಲು ಇನ್ನೂರು ವರ್ಷದಿಂದ ಆಧಾರವೇ ಇಲ್ಲದ ಕಥೆ ಹೇಳುತ್ತಿದ್ದೇವೆ. ನಾನೂ ತರಗತಿಯಲ್ಲಿ ಹೇಳಿದ್ದೇನೆ. ನಿಜ ಗೊತ್ತಾದ ವರ್ಷ, ಹಿಂದಿನ ಬ್ಯಾಚಿನವರನ್ನು ಕರೆದು ತಿದ್ದಿ ಹೇಳಲು ಆಗುವುದಿಲ್ಲವಲ್ಲ ಅಂತ ಬಹಳ ಕೊರಗಿದೆ.

ಜೀವನಚರಿತ್ರೆಯಲ್ಲಿ ಸಣ್ಣ ವಿವರ ಬೇಡ ಅಂತ ನಾನು ಹೇಳುವುದಿಲ್ಲ. ಹಳೆಯ ಕಾಲದ ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್ ಅಲೆಕ್ಸಾಂಡರ್ ಬಗ್ಗೆ ಬರೆಯುವಾಗ, ಸಾವಿರಾರು ಜನ ಸತ್ತ ಯುದ್ಧಕ್ಕಿಂತ ಒಂದು ಸಣ್ಣ ಮಾತು, ಒಂದು ತಮಾಷೆ ಮನುಷ್ಯನ ಗುಣವನ್ನು ಹೆಚ್ಚು ತೋರಿಸುತ್ತದೆ ಅನ್ನುತ್ತಾನೆ. ನೂರಕ್ಕೆ ನೂರು ನಿಜ. ಸಣ್ಣ ಮಾತಿಗೆ ಅಷ್ಟು ತೂಕ ಇರುವುದರಿಂದಲೇ ಅದು ನಿಜವಾಗಿ ಆಡಿದ ಮಾತಾಗಿರಬೇಕು.

ಒಂದೇ ಬಣ್ಣ:

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸುವುದು, ಯಾವುದನ್ನೂ ನಂಬಬಾರದು. ಎಲ್ಲರಿಗೂ ಒಂದೊಂದು ಪಕ್ಷ ಇರುತ್ತದೆ. ನಾಯಕರ ಪರ ಇದ್ದವರು ದೇವರು ಮಾಡುತ್ತಾರೆ, ವಿರೋಧ ಇದ್ದವರು ರಾಕ್ಷಸ ಮಾಡುತ್ತಾರೆ. ಟಿಪ್ಪಣಿ ಹಾಕಿದವರೂ ತಮಗೆ ಬೇಕಾದ್ದನ್ನೇ ಹಾಕುತ್ತಾರೆ. ದೊಡ್ಡ ದೊಡ್ಡ ಹೆಸರಿನವರೇ ಸಿಕ್ಕಿಬಿದ್ದಿದ್ದಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಬಗ್ಗೆ ಬರೆದ ಸ್ಟೀಫನ್ ಆಂಬ್ರೋಸ್ ಕಥೆ ಗೊತ್ತಲ್ವಾ? ಅಧ್ಯಕ್ಷರ ಜೊತೆ ನೂರಾರು ಗಂಟೆ ಕೂತಿದ್ದೆ ಅನ್ನುತ್ತಿದ್ದರು. ಆಮೇಲೆ ನೋಡಿದರೆ ಮೂರೇ ಭೇಟಿ. ನನಗಂತೂ ಈ ಥರದ ಪುಸ್ತಕಗಳ ಮೇಲೆ ಪ್ರೀತಿಯೇ ಹೋಗಿದೆ.

ಮಾರ್ಜಿನ್ ಗೀಟು:

ಪ್ರೀತಿ ಹೋಗಿದೆ ಅಂದಿರಲ್ಲ, ಆ ನೋವು ಅರ್ಥ ಆಗುತ್ತದೆ. ಆದರೆ ಆಂಬ್ರೋಸ್ ವಿಷಯ ಹೊರಬಂದದ್ದು ಹೇಗೆ ಅಂತ ಸ್ವಲ್ಪ ನೋಡಿ.

ಐಸೆನ್‌ಹೋವರ್ ನಿವೃತ್ತಿಯಾದ ಮೇಲೂ ಯಾರು ಬಂದರು, ಎಷ್ಟು ಹೊತ್ತು ಕೂತರು ಅಂತ ಕಚೇರಿಯವರು ಬರೆದಿಡುತ್ತಿದ್ದರು. ಆ ದಾಖಲೆ ಅವರ ಹೆಸರಿನ ಗ್ರಂಥಾಲಯದಲ್ಲಿ ಉಳಿದಿತ್ತು. ಅಲ್ಲಿನವರೇ ಅದನ್ನು ತೆಗೆದು ನೋಡಿದರು. ಮೂರು ಭೇಟಿ, ಎಲ್ಲ ಸೇರಿ 5 ಗಂಟೆಗಿಂತ ಕಡಿಮೆ. ನನ್ನ ಜೀವನಚರಿತ್ರೆ ಬರೆಯಿರಿ ಅಂತ ಐಸೆನ್‌ಹೋವರ್ ತಾವಾಗಿ ಕರೆದರು ಅನ್ನುತ್ತಿದ್ದರಲ್ಲ, ಹಳೆಯ ಪತ್ರಗಳಲ್ಲಿ ನೋಡಿದರೆ ಮೊದಲು ಕಾಗದ ಬರೆದದ್ದೇ ಆಂಬ್ರೋಸ್. 2010ರಲ್ಲಿ ಇದು ಬಯಲಿಗೆ ಬಂತು, ಆಂಬ್ರೋಸ್ ತೀರಿಕೊಂಡು 8 ವರ್ಷ ಆಗಿತ್ತು. ಎಲ್ಲರೂ ಸುಳ್ಳರು ಅಂತ ಕೈ ಚೆಲ್ಲಿದವರಿಂದ ಇದು ಗೊತ್ತಾಗಲಿಲ್ಲ. ಕಾಗದಗಳನ್ನು ಎತ್ತಿಟ್ಟವರು, ತಾಳೆ ನೋಡಿದವರು ಇದ್ದದ್ದರಿಂದ ಗೊತ್ತಾಯಿತು.

1983ರ ಹಿಟ್ಲರ್ ಡೈರಿಯೂ ಅಷ್ಟೇ. ಜರ್ಮನಿಯ 'ಸ್ಟರ್ನ್' ಪತ್ರಿಕೆ ಭಾರಿ ಹಣ ಕೊಟ್ಟು ತಂದಿತ್ತು. ಹ್ಯೂ ಟ್ರೆವರ್-ರೋಪರ್‌ನಂಥ ಇತಿಹಾಸಕಾರರೇ ಮೊದಲು ಅಸಲಿ ಅಂದುಬಿಟ್ಟಿದ್ದರು. ಕೊನೆಗೆ ಸರ್ಕಾರಿ ಪತ್ರಾಗಾರದವರು ಪರೀಕ್ಷೆ ಮಾಡಿಸಿದಾಗ, ಯುದ್ಧ ಮುಗಿದ ಮೇಲೆ ಬಳಕೆಗೆ ಬಂದ ವಸ್ತುಗಳು ಅದರಲ್ಲಿ ಸಿಕ್ಕವು. ಎರಡು ವಾರದೊಳಗೆ ಬಣ್ಣ ಬಯಲಾಯಿತು.

ಪಕ್ಷ ಇಲ್ಲದವರು ಬರೆಯಬೇಕು ಅಂತ ನಾನೂ ಕಾಯುವುದಿಲ್ಲ. ಅಂಬೇಡ್ಕರ್ ಬಗ್ಗೆ ಧನಂಜಯ ಕೀರ್ ಬರೆದದ್ದು 1954ರಲ್ಲಿ, ಅಂಬೇಡ್ಕರ್ ಇನ್ನೂ ಬದುಕಿದ್ದಾಗ. ನೆಹರೂ ಬಗ್ಗೆ ಮೂರು ಸಂಪುಟ ಬರೆದ ಎಸ್. ಗೋಪಾಲ್‌ಗೆ ನೆಹರೂ ಮೇಲೆ ಅಭಿಮಾನ ಇತ್ತು, ಅದು ಪುಟಪುಟದಲ್ಲೂ ಗೊತ್ತಾಗುತ್ತದೆ. ಅಭಿಮಾನ ಇದ್ದರೆ ಇರಲಿ. ನಾನು ಮಾಡುವುದು ಒಂದು ಕೆಲಸ. ಆ ನಾಯಕರ ಬಾಳಿನ ಅತಿ ಕೆಟ್ಟ ವರ್ಷ ಯಾವುದು ಅಂತ ಮೊದಲೇ ತಿಳಿದುಕೊಂಡು, ಸೀದಾ ಆ ಅಧ್ಯಾಯಕ್ಕೆ ಹೋಗುತ್ತೇನೆ. ನೆಹರೂ ಆದರೆ 1962. ಇಂದಿರಾ ಗಾಂಧಿ ಆದರೆ 1975. ಚರ್ಚಿಲ್ ಆದರೆ 1943ರ ಬಂಗಾಳ. ಚರ್ಚಿಲ್ ಎರಡನೇ ಮಹಾಯುದ್ಧದ ಬಗ್ಗೆ 6 ಸಂಪುಟ ಬರೆದರು, 1953ರಲ್ಲಿ ಸಾಹಿತ್ಯದ ನೊಬೆಲ್ ಕೂಡ ಬಂತು. ಭಾಷೆ ಅದ್ಭುತ, ಎರಡು ಮಾತಿಲ್ಲ. ಆದರೆ ಲಕ್ಷಲಕ್ಷ ಜನ ಹಸಿವಿನಿಂದ ಸತ್ತ ಬಂಗಾಳದ ಬರಕ್ಕೆ ಅಷ್ಟು ದೊಡ್ಡ ಸಂಪುಟಗಳಲ್ಲಿ ಸಿಕ್ಕ ಜಾಗ ತೀರಾ ಕಡಿಮೆ. ಅದನ್ನು ಗಮನಿಸಿದ ಮೇಲೆ ನಾನು ಆ ಸಂಪುಟಗಳನ್ನು ಬಿಸಾಡಲಿಲ್ಲ. ಪಕ್ಕದಲ್ಲಿ ಬೇರೆಯವರ ಪುಸ್ತಕ ಇಟ್ಟುಕೊಂಡು ಓದುತ್ತೇನೆ.

ನೀಲಿ ಶಾಯಿ:

ನಾಯಕರು ತಾವೇ ಬರೆದುಕೊಂಡದ್ದು ಇನ್ನೊಂದು ಥರ. ಅಲ್ಲಿ ನಿಮ್ಮ ತಂದೆಯವರ ಪ್ರಶ್ನೆಗೆ ಉತ್ತರ ಸುಲಭ, ಕೋಣೆಯಲ್ಲಿದ್ದವರೇ ಹೇಳುತ್ತಿದ್ದಾರೆ. ಆದರೆ ಏನನ್ನು ಹೇಳಲಿಲ್ಲ ಅಂತ ನೋಡಬೇಕಾಗುತ್ತದೆ.

ಗಾಂಧಿಯವರ ಆತ್ಮಕಥೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ಕಡೆ ಅವರು, ಇದನ್ನು ಬರೆಯಲು ನನ್ನ ಹತ್ತಿರ ಡೈರಿಯೂ ಇಲ್ಲ, ದಾಖಲೆಯೂ ಇಲ್ಲ ಅಂತ ಬಿಚ್ಚಿ ಹೇಳುವುದು. ವಾರವಾರ ಪತ್ರಿಕೆಗೆ ಬರೆದದ್ದು. 1920ರ ಆಸುಪಾಸಿಗೆ ನಿಲ್ಲಿಸಿಬಿಡುತ್ತಾರೆ, ಅಲ್ಲಿಂದ ಮುಂದೆ ನನ್ನ ಬದುಕು ಎಲ್ಲರಿಗೂ ಗೊತ್ತಿರುವಂಥದ್ದು ಅಂತ. ಅಷ್ಟು ಹೇಳಿದ ಮೇಲೆ ಅಲ್ಲಿಷ್ಟು ಇಲ್ಲಿಷ್ಟು ನೆನಪು ತಪ್ಪಿದ್ದರೂ ನನಗೆ ಮೋಸ ಅನ್ನಿಸುವುದಿಲ್ಲ. ತಾಳೆ ನೋಡಬೇಕು ಅಂದರೆ ಅವರ ಸಮಗ್ರ ಬರಹಗಳ 100 ಸಂಪುಟಗಳಿವೆ. ನಮ್ಮ ಡಿವಿಜಿಯವರ 'ಜ್ಞಾಪಕ ಚಿತ್ರಶಾಲೆ' ಓದುವಾಗಲೂ ಇದೇ ನೆಮ್ಮದಿ. ಹೆಸರಲ್ಲೇ ಜ್ಞಾಪಕ ಅಂತ ಇಟ್ಟಿದ್ದಾರೆ. ತಾವು ಕಂಡ, ಕೇಳಿದ, ಒಡನಾಡಿದ ಜನರ ಬಗ್ಗೆ ನೆನಪಿನಿಂದ ಹೇಳುತ್ತಿದ್ದೇನೆ ಅನ್ನುವುದು ಮೊದಲ ಪುಟದಿಂದಲೇ ಗೊತ್ತಿರುತ್ತದೆ.

ನೆಹರೂ ಅವರದು ಇನ್ನೂ ವಿಚಿತ್ರ. 1937ರ ನವೆಂಬರ್‌ನಲ್ಲಿ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ 'ರಾಷ್ಟ್ರಪತಿ' ಅಂತ ಒಂದು ಲೇಖನ ಬಂತು. ಬರೆದವರು ಚಾಣಕ್ಯ. ಜವಾಹರಲಾಲ್‌ಗೆ ಜನ ಹೀಗೆ ಮುಗಿಬೀಳುತ್ತಿದ್ದಾರೆ, ಇವರ ಅಹಂಕಾರ ಈಗಲೇ ಜಾಸ್ತಿ ಇದೆ, ಸ್ವಲ್ಪ ತಿರುಗಿದರೆ ಸರ್ವಾಧಿಕಾರಿ ಆಗಿಬಿಡಬಹುದು, ಮತ್ತೆ ಕಾಂಗ್ರೆಸ್ ಅಧ್ಯಕ್ಷರನ್ನಾಗಿ ಮಾಡಬೇಡಿ ಅಂತ. ಬರೆದದ್ದು ನೆಹರೂ ಅವರೇ ಅಂತ ಆಮೇಲೆ ಗೊತ್ತಾಯಿತು.

ಸ್ಟಾಲಿನ್‌ನದು ಇದಕ್ಕೆ ತದ್ವಿರುದ್ಧ. ಅವನ ಬಗ್ಗೆ ಅಧಿಕೃತವಾದ ಕಿರು ಜೀವನಚರಿತ್ರೆ ಒಂದಿತ್ತು. ಅದರ ಕರಡನ್ನು ಅವನೇ ತಿದ್ದುತ್ತಿದ್ದ, ಹೊಗಳಿಕೆ ಕಡಿಮೆ ಅನ್ನಿಸಿದ ಕಡೆ ತನ್ನ ಕೈಯಿಂದಲೇ ಸೇರಿಸುತ್ತಿದ್ದ ಅಂತ, ಅವನ ನಂತರ ಸೋವಿಯತ್ ನಾಯಕನಾದ ಕ್ರುಶ್ಚೇವ್ 1956ರ ಭಾಷಣದಲ್ಲಿ ಹೇಳಿದ. ಹಾಗೆ ಸೇರಿಸಿದ ಸಾಲುಗಳಲ್ಲಿ ಒಂದು ಯಾವುದು ಗೊತ್ತಾ? ಸ್ಟಾಲಿನ್‌ಗೆ ಜಂಬ, ಸ್ವಂತ ಹೊಗಳಿಕೆ ಒಂದಿಷ್ಟೂ ಇರಲಿಲ್ಲ ಅನ್ನುವ ಸಾಲು. ಇದನ್ನು ಮೊದಲ ಸಲ ಓದಿದಾಗ ನನಗೆ ಭಯ ಆಯಿತು. ಆ ಪುಸ್ತಕವನ್ನು ಪಾಠ ಅಂತ ಓದಿದ ಮಕ್ಕಳು ಎಷ್ಟು ಜನ ಇದ್ದಿರಬೇಕು.

ಕೊನೆಗೆ ಒಂದು. ಮಂಡೇಲಾ ಅವರ 'ಲಾಂಗ್ ವಾಕ್ ಟು ಫ್ರೀಡಂ' ಬಂದದ್ದು 1994ರಲ್ಲಿ, ಆದರೆ ಅದರ ಬೀಜ ರಾಬೆನ್ ದ್ವೀಪದ ಜೈಲಿನಲ್ಲಿ 1970ರ ದಶಕದಲ್ಲೇ ಬಿದ್ದಿತ್ತು. ರಾತ್ರಿ ಕದ್ದು ಬರೆಯುತ್ತಿದ್ದರು. ಜೊತೆ ಕೈದಿಗಳು ಓದಿ ತಿದ್ದುತ್ತಿದ್ದರು, ಸಣ್ಣ ಅಕ್ಷರದಲ್ಲಿ ನಕಲು ಮಾಡುತ್ತಿದ್ದರು. ಮೂಲ ಪ್ರತಿಯನ್ನು ಕೋಕೋ ಡಬ್ಬಿಗಳಲ್ಲಿ ತುಂಬಿ ಜೈಲಿನ ತೋಟದಲ್ಲಿ ಹೂತಿಟ್ಟರು. ಗೋಡೆ ಕಟ್ಟಲು ಅಗೆಯುವಾಗ ಒಂದಿಷ್ಟು ಅಧಿಕಾರಿಗಳ ಕೈಗೆ ಸಿಕ್ಕಿಬಿತ್ತು, ಅದಕ್ಕೆ ಶಿಕ್ಷೆಯಾಗಿ ಓದುವ ಸೌಲಭ್ಯವನ್ನೇ ಕಿತ್ತುಕೊಂಡರು. ಅಷ್ಟರಲ್ಲಿ 1976ರಲ್ಲಿ ಬಿಡುಗಡೆಯಾದ ಮ್ಯಾಕ್ ಮಹಾರಾಜ್ ನಕಲು ಪ್ರತಿಯನ್ನು ಹೊರಗೆ ಸಾಗಿಸಿದ್ದರು. ಯಾರು ನೋಡಿದ್ದು, ಯಾರು ಬರೆದದ್ದು, ಯಾರು ತಿದ್ದಿದ್ದು ಎಲ್ಲಕ್ಕೂ ಅಲ್ಲಿ ಹೆಸರಿದೆ.

ಒಂದೇ ಬಣ್ಣ:

@ಮಾರ್ಜಿನ್ ಗೀಟು, ಕೆಟ್ಟ ವರ್ಷದ ಉಪಾಯ ನನಗೆ ಹಿಡಿಸಿತು. ಮನೆಯಲ್ಲಿರುವ ಎರಡು ಪುಸ್ತಕ ತೆಗೆದು ನೋಡಿದೆ. ಒಂದರಲ್ಲಿ ಆ ವರ್ಷಕ್ಕೆ 40 ಪುಟ ಇದೆ. ಇನ್ನೊಂದರಲ್ಲಿ ಒಂದೂವರೆ ಪುಟ. ಒಂದೂವರೆ ಪುಟದ್ದನ್ನೇ ನಾನು ಇಷ್ಟು ವರ್ಷ ಎಲ್ಲರಿಗೂ ಓದಿ ಅಂತ ಕೊಡುತ್ತಿದ್ದೆ.

ಮಡಿಸಿದ ಪುಟ:

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಅಪ್ಪನಿಗೆ ಓದಿ ಹೇಳಿದೆ. ಕಪ್ಪುಹಲಗೆ ಮೇಷ್ಟ್ರ ಕೊರಗು ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕ್ಯಾರೊ ಅವರ ಮೊದಲ ಸಂಪುಟ ತಂದೆ. ಇಂಗ್ಲಿಷ್‌ನಲ್ಲಿದೆ, ಹಾಗಾಗಿ ಒಂದೊಂದು ಪ್ಯಾರಾ ನಾನು ಮನಸ್ಸಿನಲ್ಲೇ ಓದಿಕೊಂಡು ಕನ್ನಡದಲ್ಲಿ ಹೇಳುತ್ತೇನೆ. ನಿಧಾನ ಆಗುತ್ತದೆ, ಅಪ್ಪನಿಗೆ ಅವಸರ ಇಲ್ಲ. ಮೊನ್ನೆ ಬಂದದ್ದು ಟೆಕ್ಸಾಸ್‌ನ ಹಿಲ್ ಕಂಟ್ರಿಗೆ ಕರೆಂಟ್ ಬರುವ ಮುಂಚೆ ಅಲ್ಲಿನ ಹೆಂಗಸರ ಬದುಕು ಹೇಗಿತ್ತು ಅನ್ನುವ ಅಧ್ಯಾಯ. ಆಳದ ಬಾವಿಯಿಂದ ನೀರು ಸೇದಿ, ಕೊಡಗಟ್ಟಲೆ ಮನೆಗೆ ಹೊರುವುದು, ಬಟ್ಟೆ ಒಗೆಯುವುದು, ಬೇಸಿಗೆಯ ಸೆಕೆಯಲ್ಲಿ ಕಟ್ಟಿಗೆ ಒಲೆ ಉರಿಸಿ ಭಾರದ ಇಸ್ತ್ರಿಪೆಟ್ಟಿಗೆ ಕಾಯಿಸುವುದು. ಒಬ್ಬ ರಾಜಕಾರಣಿಯ ಜೀವನಚರಿತ್ರೆಯಲ್ಲಿ ಅವನ ಹೆಸರೇ ಇಲ್ಲದೆ ಪುಟದ ಮೇಲೆ ಪುಟ ಇಸ್ತ್ರಿಯ ಬಗ್ಗೆ! ಇದು ಯಾಕೆ ಇಲ್ಲಿ ಅಂತ ಮೊದಲು ನನಗೆ ಅರ್ಥ ಆಗಲಿಲ್ಲ. ಜಾನ್ಸನ್ ಆ ಜಾಗಕ್ಕೆ ಕರೆಂಟ್ ತಂದದ್ದು ಆಮೇಲೆ ಬರುತ್ತದೆ. ಆಗ ಗೊತ್ತಾಗುತ್ತದೆ ಅದು ಎಷ್ಟು ದೊಡ್ಡ ವಿಷಯ ಅಂತ. ಇದೇ ಜಾನ್ಸನ್‌ನ ಸಣ್ಣತನ, ಸುಳ್ಳು, ಅಧಿಕಾರದ ಹಸಿವು ಎಲ್ಲವನ್ನೂ ಅದೇ ಪುಸ್ತಕದಲ್ಲಿ ಕ್ಯಾರೊ ಬಿಡದೆ ಬರೆದಿದ್ದಾರೆ. ಎರಡೂ ಒಟ್ಟಿಗೆ ಇರುವುದು ನೋಡಿ ನನಗೆ ತುಂಬಾ ಸಂತೋಷ ಆಯಿತು.

ಅಪ್ಪ ಮತ್ತೆ ಅದೇ ಪ್ರಶ್ನೆ ಕೇಳಿದರು. "ಇಸ್ತ್ರಿ ವಿಷಯ ಇವನಿಗೆ ಹೇಳಿದ್ದು ಯಾರು?"

ಈ ಸಲ ಉತ್ತರ ಇತ್ತು. ಹಿಂದಿನ ಪುಟಗಳಿಗೆ ಹೋದೆ, ಯಾರು ಯಾರನ್ನು ಕೇಳಿದರು ಅಂತ ಹೆಸರುಗಳ ಸಮೇತ ಇದೆ. ಕ್ಯಾರೊ ಮತ್ತು ಹೆಂಡತಿ ಐನಾ ಆ ಪ್ರದೇಶಕ್ಕೇ ಹೋಗಿ ಸುಮಾರು ಮೂರು ವರ್ಷ ಇದ್ದರಂತೆ. ಅಲ್ಲಿನ ಒಬ್ಬ ಅಜ್ಜಿ, ನಿನಗೆ ನೀರಿನ ಭಾರ ಏನು ಗೊತ್ತು ಅಂತ ಹಗ್ಗ ಕಟ್ಟಿದ ಬಕೆಟ್ ಕೊಟ್ಟು, ಬಾವಿಗೆ ಬಿಡಿಸಿ, ಅವರ ಕೈಯಲ್ಲೇ ಸೇದಿಸಿದಳಂತೆ. ನಮ್ಮ ಬೆನ್ನು ಯಾಕೆ ಬಾಗಿದೆ ಗೊತ್ತಾಯ್ತಾ ಅಂತ ಆ ಹೆಂಗಸರು ಕೇಳಿದ್ದನ್ನು ಕ್ಯಾರೊ ಇನ್ನೊಂದು ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಇದನ್ನೂ ಅಪ್ಪನಿಗೆ ಹೇಳಿದೆ. "ಸೇದಿಯೇ ಬರೆದಿದ್ದಾನೆ ಅನ್ನು," ಅಂದರು.

ಆಮೇಲೆ ಆ ಅರ್ಧಕ್ಕೆ ನಿಂತ ಪುಸ್ತಕ ಎಲ್ಲಿಟ್ಟೆ ಅಂತ ಕೇಳಿದರು. ತೆಗೆದು ಕೊಟ್ಟೆ. ಪುಟ ತೆಗೆಸಿ, ಕಿಟಕಿ ಕಡೆ ತಿರುಗಿದ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿಸಿದರು. ಇವತ್ತು ರಾತ್ರಿ ಅದರ ಮುಂದಿನ ಪುಟದಿಂದ ಓದಬೇಕಂತೆ.